ಕೋಲಾರ ಸೀಮೆಯಲ್ಲಿ ತಿಂಗಳ ಮಾತುಕತೆಯ ಕೂಟ ಕಟ್ಟುವ ಬಗೆ

ಕೋಲಾರ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಜಾತಿ ತಾರತಮ್ಯ, ಹೆಣ್ಣುಮಕ್ಕಳ ಹಕ್ಕು, ಕುಡಿಯುವ ನೀರು, ಸರ್ಕಾರಿ ಶಾಲೆಗಳ ಸ್ಥಿತಿ, ಸಂವಿಧಾನದ ಆಶಯ ಇವುಗಳ ಬಗ್ಗೆ ಆಳವಾಗಿ ಯೋಚಿಸುವ ಹತ್ತಾರು ಜನ ಸಿಗುತ್ತಾರೆ. ಅವರಲ್ಲಿ ಶಿಕ್ಷಕಿಯರಿದ್ದಾರೆ, ವಕೀಲರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯ ಮೇಲೆ ದುಡಿಯುವ ಯುವಕ ಯುವತಿಯರಿದ್ದಾರೆ, ಎಪ್ಪತ್ತು ಎಂಬತ್ತರ ದಶಕಗಳ ಚಳವಳಿಗಳನ್ನು ಕಂಡ ಹಿರಿಯರಿದ್ದಾರೆ. ಆದರೆ ಇವರೆಲ್ಲ ಒಬ್ಬರನ್ನೊಬ್ಬರು ಕಾಣುವುದು ಏಪ್ರಿಲ್ 14ರ ಮೆರವಣಿಗೆಯಲ್ಲಿ, ಇಲ್ಲವೇ ಎಲ್ಲಾದರೂ ದೌರ್ಜನ್ಯ ನಡೆದಾಗ ತಾಲ್ಲೂಕು ಕಚೇರಿಯ ಎದುರಿನ ಧರಣಿಯಲ್ಲಿ. ತಹಶೀಲ್ದಾರರಿಗೆ ಮನವಿ ಪತ್ರ ಕೊಟ್ಟಾದ ಮೇಲೆ ಎಲ್ಲರೂ ತಂತಮ್ಮ ಬಸ್ಸು ಹಿಡಿಯುತ್ತಾರೆ. ಮತ್ತೆ ಭೇಟಿಯಾಗಲು ಇನ್ನೊಂದು ದೌರ್ಜನ್ಯವೇ ನಡೆಯಬೇಕಾಗುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಕುಳಿತು ಮಾತನಾಡಲು, ಓದಲು, ಪರಸ್ಪರ ಪ್ರಶ್ನಿಸಲು ಒಂದು ಜಾಗ ಬೇಕು ಎಂದು ಬಯಸುವವರಿಗಾಗಿ ಈ ಬರಹ.

ಕೂಟ ಕಟ್ಟುವಾಗ ದಿನ, ಜಾಗ, ಊಟ, ಭಾಷೆ ಎಂದು ಹತ್ತಾರು ತೀರ್ಮಾನಗಳನ್ನು ಮಾಡಬೇಕಾಗುತ್ತದೆ. ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೀಗೆ ಮಾಡಿದರೆ ಯಾರಿಗೆ ಬರಲು ಆಗುವುದಿಲ್ಲ? ಸಮಾನತೆಯ ಬಗ್ಗೆ ಎಷ್ಟೇ ಒಳ್ಳೆಯ ಮಾತು ನಡೆದರೂ ಕೂಲಿಗೆ ಹೋಗುವ ಹೆಂಗಸು, ಪಾಳಿ ಮುಗಿಸಿ ಬರುವ ಹುಡುಗ, ಕನ್ನಡ ಓದಲು ಬಾರದ ಅಜ್ಜಿ ಬರಲಾಗದ ಕೂಟವು ಈಗಾಗಲೇ ಎಲ್ಲ ಕಡೆಯೂ ಮಾತನಾಡುತ್ತಿರುವವರ ಮತ್ತೊಂದು ಸಭೆಯಾಗುತ್ತದೆ.

ಮೊದಲ ಐದಾರು ಜನ

ಐದಾರು ಜನರಿಂದ ಆರಂಭಿಸುವುದು ಸಾಕು. ಆದರೆ ಆ ಐದಾರು ಜನ ಒಂದೇ ಜಾತಿಯವರಾಗಿರಬಾರದು, ಎಲ್ಲರೂ ಗಂಡಸರಾಗಿರಬಾರದು, ಒಂದೇ ಸಂಘಟನೆಯವರಾಗಿರಬಾರದು. ಆರಂಭದಲ್ಲಿ ಇಬ್ಬರಾದರೂ ಮಹಿಳೆಯರು ಇರದಿದ್ದರೆ ಆಮೇಲೆ ಎಷ್ಟು ಕರೆದರೂ ಮಹಿಳೆಯರು ಬರುವುದು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ಸಮಯ, ಜಾಗ, ಮಾತಿನ ಧಾಟಿ ಎಲ್ಲವೂ ಗಂಡಸರ ಅನುಕೂಲಕ್ಕೆ ತಕ್ಕಂತೆ ನಿಂತುಬಿಟ್ಟಿರುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ದಲಿತ ಚಳವಳಿ, ರೈತ ಚಳವಳಿ, ಕೆ.ಜಿ.ಎಫ್. ಗಣಿ ಕಾರ್ಮಿಕರ ಸಂಘಗಳು, ಎಡಪಕ್ಷಗಳು ಬೇರುಬಿಟ್ಟ ನೆಲ ಇದು. ಆ ಚಳವಳಿಗಳು ಬಣಗಳಾಗಿ ಒಡೆದದ್ದನ್ನೂ ಈ ನೆಲ ಕಂಡಿದೆ. ಹೊಸದಾಗಿ ಯಾರು ಏನು ಕರೆದರೂ ಜನ ಮೊದಲು ಕೇಳುವುದು ‘ಇದು ಯಾವ ಬಣ?’ ಎಂದು. ಅದಕ್ಕೆ ಉತ್ತರ ಮೊದಲೇ ಸ್ಪಷ್ಟವಾಗಿರಲಿ. ಕೂಟಕ್ಕೆ ಬರುವವರು ತಮ್ಮ ಸಂಘಟನೆಯನ್ನು ಬಿಟ್ಟು ಬರಬೇಕಾಗಿಲ್ಲ, ಆದರೆ ಅದರ ಬ್ಯಾನರು, ಬಾವುಟ, ಸದಸ್ಯತ್ವದ ಪುಸ್ತಕ ಹೊರಗಿರಬೇಕು. ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿಗಳು ಕೇಳುಗರಾಗಿ ಬಂದು ಕುಳಿತುಕೊಳ್ಳಬಹುದು, ಮಾತನಾಡುವ ಸರದಿ ಮಾತ್ರ ಅವರಿಗಿಲ್ಲ. ಸರ್ಕಾರಿ ನೌಕರರಿಗೆ ರಾಜಕೀಯ ಚಟುವಟಿಕೆಯಲ್ಲಿ ತೊಡಗದಂತೆ ನಡತೆ ನಿಯಮಗಳ ನಿರ್ಬಂಧ ಇರುವುದರಿಂದ, ಶಿಕ್ಷಕರು ಮತ್ತು ಆಸ್ಪತ್ರೆಯ ಸಿಬ್ಬಂದಿ ಅಂಜಿಕೆಯಿಲ್ಲದೆ ಬರಬೇಕಾದರೆ ಈ ನಿಯಮ ಅಗತ್ಯ.

ದಿನ ಮತ್ತು ಹೊತ್ತು

ಕೋಲಾರ ಪಟ್ಟಣದ ಮೇಲಿನ ತೇರಹಳ್ಳಿ ಬೆಟ್ಟದಲ್ಲಿ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಸಂಗಾತಿಗಳು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವು ತಿಂಗಳ ಹುಣ್ಣಿಮೆಯ ರಾತ್ರಿ ‘ಹುಣ್ಣಿಮೆ ಹಾಡು’ ಎಂಬ ಕಾರ್ಯಕ್ರಮವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದೆ. ಕೂಟ ಕಟ್ಟುವವರು ಅದರಿಂದ ಕಲಿಯಬೇಕಾದ ಮೊದಲ ಪಾಠ ದಿನದ ಆಯ್ಕೆಯದು. ಹುಣ್ಣಿಮೆ ಯಾವತ್ತು ಎಂಬುದನ್ನು ತಿಳಿಯಲು ಆಹ್ವಾನ ಪತ್ರಿಕೆ ಬೇಕಿಲ್ಲ, ಮೊಬೈಲ್ ಬೇಕಿಲ್ಲ, ಅಕ್ಷರವೂ ಬೇಕಿಲ್ಲ. ಮನೆಗೆ ಮರಳುವವರಿಗೆ ದಾರಿಯಲ್ಲಿ ಬೆಳಕೂ ಇರುತ್ತದೆ. ನೀವು ಹುಣ್ಣಿಮೆಯನ್ನೇ ಆರಿಸಬೇಕೆಂದಿಲ್ಲ. ಎರಡನೇ ಶನಿವಾರವಾಗಲಿ, ಕೊನೆಯ ಭಾನುವಾರವಾಗಲಿ, ಒಮ್ಮೆ ಗೊತ್ತುಮಾಡಿದ ದಿನವನ್ನು ಅತಿಥಿಗಳ ಅನುಕೂಲಕ್ಕಾಗಿ ಬದಲಿಸಬಾರದು. ಹೆಸರಾಂತ ಭಾಷಣಕಾರರು ಬರುತ್ತಾರೆಂದು ಒಂದು ಸಲ ದಿನ ಮುಂದಕ್ಕೆ ಹಾಕಿದರೆ, ಮಾತು ತಲುಪದ ನಾಲ್ಕು ಜನ ಹಳೆಯ ದಿನವೇ ಬಂದು ಬೀಗ ಹಾಕಿದ ಬಾಗಿಲು ನೋಡಿ ಹೋಗುತ್ತಾರೆ, ಅವರು ಮತ್ತೆ ಬರುವುದಿಲ್ಲ.

ಹೊತ್ತನ್ನು ಈ ಸೀಮೆಯ ದುಡಿಮೆ ನೋಡಿ ಗೊತ್ತುಮಾಡಬೇಕು. ಬೆಳಿಗ್ಗೆ ಮತ್ತು ಸಂಜೆ ಹಾಲು ಕರೆದು ಡೇರಿಗೆ ಹಾಕುವ ಸಮಯದಲ್ಲಿ ಹಳ್ಳಿಯ ಹೆಂಗಸರು ಯಾರೂ ಬರಲಾರರು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಸೊಪ್ಪು ಹಾಕುವ ಕೆಲಸ ಬಿಟ್ಟು ಯಾರೂ ಹೊಸ್ತಿಲು ದಾಟಲಾರರು. ಟೊಮೆಟೊ ಕೀಳುವ ದಿನಗಳಲ್ಲಿ, ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲಿನ ದಿನಗಳಲ್ಲಿ ಹಾಜರಾತಿ ಕಡಿಮೆಯಾದರೆ ಅದನ್ನು ನಿರಾಸಕ್ತಿ ಎಂದು ಭಾವಿಸಬಾರದು. ಭಾನುವಾರ ಮಧ್ಯಾಹ್ನ ಊಟದ ನಂತರ ಮೂರಕ್ಕೆ ಕುಳಿತು ಐದೂವರೆಗೆ ಏಳುವುದು ಬಹುತೇಕ ಊರುಗಳಿಗೆ ಹೊಂದುತ್ತದೆ. ಸಂಜೆಯ ಹಾಲಿಗೂ ಕೊನೆಯ ಬಸ್ಸಿಗೂ ಅದು ಅಡ್ಡಿಯಾಗುವುದಿಲ್ಲ.

ಜಾಗ

ಜಾಗದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ದೇವಸ್ಥಾನದ ಅಂಗಳ, ಊರಿನ ಅರಳಿಕಟ್ಟೆ ಸುಲಭವಾಗಿ ಸಿಗುತ್ತವೆ. ಆದರೆ ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯು ರದ್ದುಮಾಡಿ ದಶಕಗಳು ಕಳೆದರೂ ಅಲ್ಲಿ ಕೇರಿಯ ಜನ ಸಲೀಸಾಗಿ ಕುಳಿತುಕೊಳ್ಳಲಾಗದ ಊರುಗಳು ಇನ್ನೂ ಇವೆ. ಅಂಬೇಡ್ಕರ್ ಭವನದಲ್ಲಿ ಸೇರೋಣ ಎಂದರೆ ಮೇಲ್ಜಾತಿಯ ಕೆಲವರು ಹಿಂಜರಿಯುತ್ತಾರೆ ಎಂಬ ಮಾತು ಬರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಬ್ಬರಿಗಿರುವುದು ತಡೆ, ಇನ್ನೊಬ್ಬರಿಗಿರುವುದು ಹಿಂಜರಿಕೆ. ಹಿಂಜರಿಕೆಯನ್ನು ಮೀರಿ ಒಳಗೆ ಬಂದು ಕುಳಿತುಕೊಳ್ಳುವುದೇ ಅಂಥವರಿಗೆ ಕೂಟದ ಮೊದಲ ಕಲಿಕೆ. ಹೀಗಾಗಿ ಕೇರಿಯ ಸಮುದಾಯ ಭವನಕ್ಕೇ ನನ್ನ ಮೊದಲ ಮತ. ಅದು ಸಾಧ್ಯವಾಗದಿದ್ದರೆ ಸರ್ಕಾರಿ ಶಾಲೆಯ ಕೊಠಡಿ ಅಥವಾ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಒಳ್ಳೆಯದು. ಶಾಲೆಯಾದರೆ ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ, ಗ್ರಂಥಾಲಯವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ದಿನ, ಹೊತ್ತು, ವಿಷಯ ಬರೆದು ಪತ್ರ ಕೊಟ್ಟು ಒಪ್ಪಿಗೆಯನ್ನು ಬರಹದಲ್ಲೇ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಯಾರಾದರೂ ತಕರಾರು ತೆಗೆದ ದಿನ ಉಳಿಯುವುದಿಲ್ಲ.

ಮನೆಯಲ್ಲಿ ಸೇರುವುದು ಆಪ್ತವೆನಿಸಿದರೂ ಆ ಮನೆಯ ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ಉಳಿದು ಚಹಾ ಕೊಡಲು ಮಾತ್ರ ಹೊರಗೆ ಬರುವಂತಾಗುತ್ತದೆ. ಎಲ್ಲಿ ಸೇರಿದರೂ ಎರಡು ವಿಷಯಗಳನ್ನು ಹಿಂದಿನ ದಿನವೇ ಹೋಗಿ ನೋಡಿಕೊಂಡು ಬನ್ನಿ: ನೀರಿರುವ, ಚಿಲಕವಿರುವ ಶೌಚಾಲಯ, ಮುಖ್ಯರಸ್ತೆಯವರೆಗೆ ಬೀದಿದೀಪ. ಇವೆರಡೂ ಇಲ್ಲದ ಕಡೆ ಮಹಿಳೆಯರು ಏಕೆ ಬಂದಿಲ್ಲ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಕುಳಿತುಕೊಳ್ಳುವ ಕ್ರಮ, ಮಾತಿನ ಕ್ರಮ

ವೇದಿಕೆ ಬೇಡ. ಅಧ್ಯಕ್ಷತೆ, ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ವಂದನಾರ್ಪಣೆ ಯಾವುದೂ ಬೇಡ. ಎರಡು ಗಂಟೆಯ ಸಭೆಯಲ್ಲಿ ಇವಕ್ಕೇ ಒಂದು ಗಂಟೆ ಹೋಗಿ, ಕೊನೆಗೆ ಸಭಿಕರು ಮಾತನಾಡಲು ಸಮಯವಿಲ್ಲ ಎನ್ನುವ ಪರಿಸ್ಥಿತಿ ಬರುತ್ತದೆ. ಜಮಖಾನ ಹಾಸಿ ಸುತ್ತಲೂ ಕುಳಿತುಕೊಳ್ಳಿ. ನೆಲದ ಮೇಲೆ ಕೂರಲಾಗದ ಹಿರಿಯರಿಗೆ ನಾಲ್ಕು ಕುರ್ಚಿಗಳನ್ನು ಅದೇ ಸುತ್ತಿನಲ್ಲಿ ಇಡಿ, ಹಿಂದಿನ ಸಾಲಿನಲ್ಲಿ ಅಲ್ಲ.

ಒಬ್ಬರು ಇಪ್ಪತ್ತು ನಿಮಿಷ ವಿಷಯ ಮಂಡಿಸಲಿ. ಅನಂತರ ಎಲ್ಲರಿಗೂ ಒಂದು ಸುತ್ತು ಅವಕಾಶ ಸಿಗುವವರೆಗೆ ಯಾರೂ ಎರಡನೇ ಸಲ ಮಾತನಾಡುವಂತಿಲ್ಲ ಎಂಬ ನಿಯಮವನ್ನು ಆರಂಭದಲ್ಲೇ ಹೇಳಿ, ಅದನ್ನು ನೋಡಿಕೊಳ್ಳಲು ಪ್ರತಿ ತಿಂಗಳೂ ಬೇರೊಬ್ಬರನ್ನು ನೇಮಿಸಿ. ಚಳವಳಿಯಲ್ಲಿ ಪಳಗಿದ ಹಿರಿಯರಿಗೆ ಇದು ಕಷ್ಟವಾಗುತ್ತದೆ. ಅವರ ಅನುಭವ ಬೆಲೆಬಾಳುವಂಥದ್ದು, ಆದರೆ ಅವರು ಮೊದಲು ಮಾತನಾಡಿದರೆ ಹದಿನೆಂಟರ ಹುಡುಗಿ ತನ್ನ ಮಾತನ್ನು ನುಂಗಿಕೊಳ್ಳುತ್ತಾಳೆ. ಆದ್ದರಿಂದ ಸುತ್ತು ಕಿರಿಯರಿಂದ, ಮಹಿಳೆಯರಿಂದ ಆರಂಭವಾಗಲಿ. ಹೇಳಲು ಏನೂ ಇಲ್ಲ ಎನ್ನುವವರನ್ನು ಒತ್ತಾಯಿಸದೆ ಮುಂದಕ್ಕೆ ಹೋಗಿ, ಕೊನೆಯಲ್ಲಿ ಇನ್ನೊಮ್ಮೆ ಅವರತ್ತ ತಿರುಗಿ ಕೇಳಿ.

ಭಾಷೆಯ ಪ್ರಶ್ನೆಯೂ ಇಲ್ಲಿ ದೊಡ್ಡದು. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಕೆ.ಜಿ.ಎಫ್.ನಲ್ಲಿ ತಮಿಳು, ಕೋಲಾರ ಪಟ್ಟಣದ ಅನೇಕ ಮೊಹಲ್ಲಾಗಳಲ್ಲಿ ಉರ್ದು. ಕೂಟದ ಭಾಷೆ ಕನ್ನಡವೇ ಆಗಿರಲಿ, ಆದರೆ ಮನಸ್ಸಿನ ಮಾತನ್ನು ಮನೆಮಾತಿನಲ್ಲಿ ಹೇಳಲು ಅವಕಾಶವಿರಲಿ. ಪಕ್ಕದಲ್ಲಿ ಕುಳಿತವರು ನಾಲ್ಕು ಮಾತಿನಲ್ಲಿ ಕನ್ನಡಕ್ಕೆ ತಂದರಾಯಿತು. ಆಹ್ವಾನವನ್ನು ವಾಟ್ಸ್ಆ್ಯಪ್‌ನಲ್ಲಿ ಬರಹವಾಗಿ ಕಳುಹಿಸುವುದರ ಜೊತೆಗೆ ಧ್ವನಿ ಸಂದೇಶವಾಗಿಯೂ ಕಳುಹಿಸಿದರೆ ಓದಲು ಬಾರದವರನ್ನೂ ಅದು ನೇರವಾಗಿ ತಲುಪುತ್ತದೆ.

ಹಾಡಿನಿಂದ ಆರಂಭಿಸುವುದು ನಮ್ಮ ಚಳವಳಿಗಳ ಒಳ್ಳೆಯ ರೂಢಿ, ಅದನ್ನು ಬಿಡಬಾರದು. ತಮಟೆಯ ವಿಷಯದಲ್ಲಿ ಮಾತ್ರ ಸೂಕ್ಷ್ಮವಾಗಿರಬೇಕು. ಸಾವಿಗೂ ಜಾತ್ರೆಗೂ ತಮಟೆ ಬಾರಿಸುವುದನ್ನು ಒಂದು ಜಾತಿಯ ಮೇಲೆ ಚಾಕರಿಯಾಗಿ ಹೇರಿದ ಊರುಗಳಿವು. ಅದೇ ತಮಟೆಯನ್ನು ಚಳವಳಿ ಹೆಮ್ಮೆಯ ವಾದ್ಯವಾಗಿಸಿತು. ಬಾರಿಸಲು ಮಾತ್ರ ಒಬ್ಬರನ್ನು ಕರೆಸಿ, ಹಾಡು ಮುಗಿದ ಮೇಲೆ ಅವರು ಹೊರಗೆ ನಿಂತರೆ ಹಳೆಯ ಚಾಕರಿಯೇ ಮರಳಿದಂತೆ. ಬಾರಿಸುವವರು ಸುತ್ತಿನಲ್ಲಿ ಕುಳಿತು ಚರ್ಚೆಯಲ್ಲಿ ಪಾಲ್ಗೊಳ್ಳಬೇಕು, ಬೇರೆ ಜಾತಿಯ ಹುಡುಗ ಹುಡುಗಿಯರು ಅವರಿಂದ ತಮಟೆ ಕಲಿಯಬೇಕು.

ವಿಷಯ ಆರಿಸುವುದು

‘ಪ್ರಜಾಪ್ರಭುತ್ವದ ಮುಂದಿರುವ ಸವಾಲುಗಳು’ ಎಂಬಂಥ ವಿಷಯ ಇಟ್ಟರೆ ಓದಿಕೊಂಡ ಮೂವರು ಮಾತನಾಡುತ್ತಾರೆ. ಅದೇ ಪ್ರಶ್ನೆಯನ್ನು ಊರಿನ ಕೆರೆಯಿಂದ ಆರಂಭಿಸಿದರೆ ಎಲ್ಲರೂ ಮಾತನಾಡುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಬಂತು. ಬತ್ತಿದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡ ರೈತರಿಗೆ ಅದು ವರವಾಗಿ ಕಂಡರೆ, ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಅಂತರ್ಜಲಕ್ಕೆ ಸೇರುವುದು ಅಪಾಯ ಎಂಬ ಹೋರಾಟಗಾರರ ವಾದವೂ ಅಷ್ಟೇ ಬಲವಾಗಿದೆ. ಪ್ರಗತಿಪರರು ಎನ್ನಿಸಿಕೊಂಡವರಲ್ಲೇ ಎರಡು ಅಭಿಪ್ರಾಯಗಳಿರುವ ಇಂಥ ವಿಷಯವೇ ಒಳ್ಳೆಯದು, ಏಕೆಂದರೆ ಎಲ್ಲರೂ ಮೊದಲೇ ಒಪ್ಪಿದ ಮಾತನ್ನು ಮತ್ತೆ ಹೇಳಿಕೊಳ್ಳಲು ಕೂಟ ಬೇಕಾಗಿಲ್ಲ.

ಇದನ್ನು ಸಿದ್ಧಪಡಿಸುವ ರೀತಿ ಹೀಗಿರಲಿ. ಒಂದು ತಿಂಗಳು ಮೊದಲೇ ಇಬ್ಬರು ಕೆರೆಯಂಚಿನ ರೈತರನ್ನೂ, ಅಲ್ಲಿ ಮೀನು ಹಿಡಿಯುವವರನ್ನೂ, ದನ ಮೇಯಿಸುವವರನ್ನೂ ಕಂಡು ಮಾತನಾಡಿಸಿ ಅವರನ್ನೇ ಕರೆಯಬೇಕು. ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗೆ ಇರಬೇಕು. ಈ ಸೀಮೆಯ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆಯಾದ್ದರಿಂದ ವರದಿ ಕೈಗೆ ಬಂದಾಗ ಮೊದಲು ಅದನ್ನೇ ನೋಡಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರು ಇಲ್ಲದ ಕಡೆ ಗರಿಷ್ಠ 1.5 ಮಿಲಿಗ್ರಾಂ. ವರದಿಯ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಚಾರ್ಟಿನ ಮೇಲೆ ಬರೆದು ಸುತ್ತಿನ ನಡುವೆ ಇಟ್ಟರೆ ಭಾಷಣದ ಅಗತ್ಯವೇ ಬೀಳುವುದಿಲ್ಲ.

ವಿಜ್ಞಾನ ಮತ್ತು ಮೂಢನಂಬಿಕೆಯ ವಿಷಯಕ್ಕೆ ನೆರೆಯಲ್ಲೇ ಹುಟ್ಟಿದ ಮಾದರಿಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ ವಾರವಾರವೂ ಉಪನ್ಯಾಸ ನಡೆಯುವಂತೆ ಮಾಡಿದರು. ವೈಜ್ಞಾನಿಕ ಮನೋಭಾವವನ್ನು ಸಂವಿಧಾನದ 51ಎ ವಿಧಿಯು ನಾಗರಿಕರ ಕರ್ತವ್ಯವೆಂದೇ ಹೇಳುತ್ತದೆ. ಇಂಥ ಚರ್ಚೆಯಲ್ಲಿ ದೇವರನ್ನು ನಂಬುವವರನ್ನು ಹಂಗಿಸಬಾರದು. ಮಗುವಿನ ಕಾಯಿಲೆಗೆ ಮಂತ್ರವಾದಿಯ ಬಳಿ ಹೋದ ತಾಯಿ ಮುಂದೆಯೇ ಕುಳಿತಿರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ರಾತ್ರಿ ವೈದ್ಯರು ಇದ್ದರೇ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಆಕೆಯೂ ಮಾತನಾಡುತ್ತಾಳೆ.

ಇನ್ನು ನೋವಿನ ನೆನಪುಗಳು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದ ಆ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಸೀಮೆಯಲ್ಲಿ ಜನಪರ ಕೂಟ ನಡೆಸುವವರು ಮಾರ್ಚ್ ತಿಂಗಳಲ್ಲಿ ಇದನ್ನು ನೆನೆಯದೆ ಇರಬಾರದು ಎಂಬುದು ನನ್ನ ದೃಢ ನಂಬಿಕೆ. ಆದರೆ ಅದನ್ನು ಘೋಷಣೆಯ ಸಭೆಯಾಗಿಸಬೇಡಿ. ಒಬ್ಬ ವಕೀಲರು ತೀರ್ಪಿನ ಮುಖ್ಯ ಭಾಗಗಳನ್ನು ಸರಳವಾಗಿ ಓದಿ ಹೇಳಲಿ. ಸಾಕ್ಷಿ ಹೇಳಲು ಜನ ಏಕೆ ಅಂಜುತ್ತಾರೆ, ಅದೇ ಊರಿನಲ್ಲಿ ಕೂಲಿಗೂ ನೀರಿಗೂ ಯಾರನ್ನು ಅವಲಂಬಿಸಿರುತ್ತಾರೆ, ಸಾಕ್ಷಿಗಳ ರಕ್ಷಣೆಗೆ ಈಗ ಏನು ವ್ಯವಸ್ಥೆಯಿದೆ ಎಂಬ ಪ್ರಶ್ನೆಗಳ ಸುತ್ತ ಚರ್ಚೆ ನಡೆಯಲಿ. ದೌರ್ಜನ್ಯಕ್ಕೆ ಒಳಗಾದ ಕುಟುಂಬದವರನ್ನು ತಮ್ಮ ಕಥೆ ಹೇಳಿ ಎಂದು ಎಲ್ಲರ ಮುಂದೆ ಕೇಳಬಾರದು. ಅವರಾಗಿ ಹೇಳಿದರೆ ಯಾರೂ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಬಾರದು.

ಒಟ್ಟಿಗೆ ಉಣ್ಣುವುದು

ಚಹಾದ ಲೋಟ ಬೇರೆ ಇಡುತ್ತಿದ್ದ ಹೋಟೆಲುಗಳನ್ನು ಕಂಡ ಜನರ ನಡುವೆ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು ಕೂಟದ ಅರ್ಧ ಕೆಲಸ. ದುಬಾರಿ ಊಟ ಬೇಡ, ಮುದ್ದೆ ಸೊಪ್ಪಿನ ಸಾರು ಸಾಕು. ಅಡುಗೆಯ ಸರದಿಯಲ್ಲಿ ಗಂಡಸರ ಹೆಸರು ಮೊದಲು ಬರಲಿ, ಅಡುಗೆ ಯಾವ ಮನೆಯಲ್ಲಾಯಿತು ಎಂಬುದನ್ನು ಮುಚ್ಚಿಡುವ ಪ್ರಶ್ನೆಯೇ ಇರಬಾರದು.

ಅವರೆಕಾಯಿಯ ಕಾಲದಲ್ಲಿ ಒಂದು ಕೂಟವನ್ನು ಅವರೆಯ ಸುತ್ತಲೇ ಮಾಡಿ ನೋಡಿ. ಹಿಂದಿನ ರಾತ್ರಿ ನೆನೆಸಿದ ಕಾಳನ್ನು ದೊಡ್ಡ ತಟ್ಟೆಗಳಲ್ಲಿ ಸುರಿದು ಸುತ್ತಿನ ನಡುವೆ ಇಟ್ಟು, ಎಲ್ಲರೂ ಹಿತಕುತ್ತ ಮಾತನಾಡಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದಾಗ ಸಿಪ್ಪೆ ಬಿಟ್ಟು ಕಾಳು ತಟ್ಟೆಗೆ ಚಿಮ್ಮುತ್ತದೆ. ಅಭ್ಯಾಸವಿಲ್ಲದ ಗಂಡಸರ ಕೈಯಿಂದ ಮೊದಲಿಗೆ ನೆಲಕ್ಕೂ ಚಿಮ್ಮುತ್ತದೆ, ಪಕ್ಕದ ಹೆಂಗಸರು ಹೇಳಿಕೊಡುತ್ತಾರೆ. ಕೈಗೆ ಕೆಲಸವಿದ್ದಾಗ ಮುಖ ನೋಡಿ ಮಾತನಾಡುವ ಸಂಕೋಚ ಕಡಿಮೆಯಾಗುತ್ತದೆ. ಬೇರೆ ದಿನ ತುಟಿ ಬಿಚ್ಚದವರು ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ, ಮಗಳ ಮದುವೆಯ ಸಾಲದ ಬಗ್ಗೆ ಮಾತನಾಡುವುದು ಇಂಥ ಹೊತ್ತಿನಲ್ಲೇ.

ಅನುಮತಿ, ಹಣ, ಸುರಕ್ಷತೆ

ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಕಟ್ಟಡದೊಳಗೆ ಮೈಕಿಲ್ಲದೆ ಕುಳಿತು ಮಾತನಾಡಲು ಸಾಮಾನ್ಯವಾಗಿ ಪೊಲೀಸರ ಪರವಾನಗಿ ಬೇಕಾಗುವುದಿಲ್ಲ. ಧ್ವನಿವರ್ಧಕ ಬಳಸುವುದಾದರೆ, ಬೀದಿ ಅಥವಾ ಮೈದಾನದಲ್ಲಿ ಸೇರುವುದಾದರೆ ಠಾಣೆಗೆ ಮುಂಚಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ, ಅಂದರೆ ಹಿಂದಿನ 144ರ ಬದಲಿಗೆ ಬಂದ ಕಲಮಿನಡಿ, ನಿಷೇಧಾಜ್ಞೆ ಇದೆಯೇ ಎಂಬುದನ್ನು ಹಿಂದಿನ ದಿನ ವಿಚಾರಿಸಿಕೊಳ್ಳಿ.

ಫೋಟೊ ತೆಗೆಯುವ ಮುನ್ನ ಒಬ್ಬೊಬ್ಬರನ್ನೂ ಕೇಳಬೇಕು. ಅಂತರ್ಜಾತಿ ಪ್ರೇಮದ ಕಾರಣಕ್ಕೆ ಮನೆಯವರಿಂದ ಬೆದರಿಕೆ ಎದುರಿಸುತ್ತಿರುವ ಜೋಡಿಗೆ ಒಂದು ಗುಂಪು ಫೋಟೊ ಪ್ರಾಣಕ್ಕೆ ಕುತ್ತಾಗಬಹುದು. ಕೂಟದೊಳಗೇ ಯಾರಾದರೂ ಅಸಭ್ಯವಾಗಿ ವರ್ತಿಸಿದರೆ ಹೇಳಿಕೊಳ್ಳಲು ಇಬ್ಬರು ಮಹಿಳೆಯರ ಹೆಸರನ್ನು ಪ್ರತಿ ಕೂಟದ ಆರಂಭದಲ್ಲೂ ತಿಳಿಸಿ. ಆರೋಪ ಎಷ್ಟೇ ದೊಡ್ಡ ಹೋರಾಟಗಾರರ ಮೇಲೆ ಬಂದರೂ ಚಳವಳಿಯ ಹೆಸರು ಕೆಡುತ್ತದೆ ಎಂದು ಮುಚ್ಚಿಹಾಕಬೇಡಿ.

ಹಣದ ವಿಷಯ ಸರಳ. ಬಾಗಿಲ ಬಳಿ ಒಂದು ಡಬ್ಬಿ ಇಡಿ, ಆಗುವವರು ಹಾಕಲಿ, ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳಬೇಡಿ. ಒಟ್ಟು ಬಂದದ್ದು, ಜಮಖಾನದ ಬಾಡಿಗೆಗೆ, ರಾಗಿ ಹಿಟ್ಟಿಗೆ, ಜೆರಾಕ್ಸ್‌ಗೆ ಹೋದದ್ದು ಎಷ್ಟು ಎಂಬುದನ್ನು ಏಳುವ ಮುನ್ನ ಓದಿ ಹೇಳಿ. ರಾಜಕಾರಣಿಗಳು ಶಾಮಿಯಾನ ಹಾಕಿಸಿಕೊಡುತ್ತೇವೆ ಎಂದು ಮುಂದೆ ಬಂದರೆ ವಿನಯದಿಂದ ಬೇಡವೆನ್ನಿ. ನೋಂದಣಿಗೆ ಆತುರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ಆದರೆ ನೋಂದಣಿಯೊಡನೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳೂ ಬರುತ್ತವೆ, ಅವುಗಳ ಪೈಪೋಟಿಯೂ ಬರುತ್ತದೆ. ಪುಸ್ತಕ ಭಂಡಾರಕ್ಕೋ ಮಕ್ಕಳ ಬೇಸಿಗೆ ಶಿಬಿರಕ್ಕೋ ಬ್ಯಾಂಕ್ ಖಾತೆ ತೆರೆಯಲೇಬೇಕಾದ ದಿನ ಬಂದಾಗ ಅದನ್ನು ಕೂಟದ ಮುಂದಿಟ್ಟು ತೀರ್ಮಾನಿಸಿದರೆ ಸಾಕು.